ಬಾಯಿ ಬಿಡದ ಬಿಷಪ್

ಅವರ ಬಿಳಿ ಹುಬ್ಬು ಕನ್ನಡಕದ ಮೇಲೆ ಸೂರಿನಂತೆ ಇಳಿಬಿದ್ದಿತ್ತು. “ಕಾಫಿ ಕುಡೀತೀರಾ ಅಂಕಲ್?” ಎಂದರೆ ಆ ಹುಬ್ಬು ಮೇಲೇರುತ್ತಿತ್ತು, ಅಷ್ಟೇ. ಹೌದು ಎಂದರ್ಥ. ಮೂಗು ಸುಕ್ಕಾದರೆ ಬೇಡ. ಕೆನಡಾದ ಉತ್ತರ ತುದಿಯ ಮೂಲನಿವಾಸಿಗಳ ರೂಢಿಯದು. ಅವರ ನಡುವೆ ಅರ್ಧ ಆಯುಷ್ಯ ಕಳೆದ ಅಂಕಲ್‌ಗೂ ಅಂಟಿಕೊಂಡಿತ್ತು.

ಉಡುಪಿಯ ಮಿಷನ್ ಕಾಂಪೌಂಡಿನಲ್ಲಿ ಬೆಳೆದವರು ಆ ಉತ್ತರ ತುದಿಯ ಆಂಗ್ಲಿಕನ್ ಚರ್ಚಿನ ಧರ್ಮಪ್ರಾಂತ್ಯಕ್ಕೆ ಪಾದ್ರಿಯಾಗಿ ಹೋಗಿ, ಬಿಷಪ್ ಆಗಿ ನಿವೃತ್ತರಾಗಿ, ಬೆಚ್ಚಗಿನ ಕರಾವಳಿ ಊರು ಕಾರ್ಲ್ಸ್‌ಬಾಡ್‌ನಲ್ಲಿ ಮಗಳ ಮನೆ ಸೇರಿದ್ದರು. ನಮ್ಮದು ಪಕ್ಕದ ಮನೆ. ನಾನೂ ಉಡುಪಿಯವಳೆಂದು ತಿಳಿದದ್ದೇ ತಡ, ನಮ್ಮ ಮನೆಯ ನೀರುದೋಸೆ ಅವರ ಪಾಲಾಯಿತು. ಡಿಸೆಂಬರಿನಲ್ಲಿ ನಾವೆಲ್ಲ ಜಾಕೆಟ್ ಏರಿಸಿದರೆ ಅವರು ಅರ್ಧ ತೋಳಿನ ಅಂಗಿಯಲ್ಲಿ ಡ್ರೈವ್‌ವೇಯಲ್ಲಿ ಕೂತು ನಮ್ಮನ್ನು ನೋಡಿ ನಗುವರು.

ಅವರು ದುಡಿದದ್ದು ಊರಿಂದ ಊರಿಗೆ ರಸ್ತೆಯೇ ಇಲ್ಲದ ಪ್ರಾಂತ್ಯ. ಮೊದಲ ಮಿಷನರಿಗಳು ಹಡಗಿನಲ್ಲಿ, ನಾಯಿಗಳು ಎಳೆಯುವ ಬಂಡಿಯಲ್ಲಿ ಹೋದರಂತೆ. ಇವರು ಪುಟ್ಟ ವಿಮಾನದಲ್ಲಿ. ಗಾಳಿ ಎದ್ದರೆ ಇಳಿದ ಊರಲ್ಲೇ ವಾರಗಟ್ಟಲೆ ವಾಸ. “ಅಷ್ಟು ವರ್ಷದಲ್ಲಿ ಅಲ್ಲಿ ಬಿಷಪ್ ಆದದ್ದು ಎಲ್ಲ ಹೊರಗಿನವರೇ ಮಾರಾಯ್ತಿ. ನಾನೂ ಸೇರಿ” ಎನ್ನುವಾಗ ಸ್ವರ ತಗ್ಗುತ್ತಿತ್ತು. ಅಲ್ಲಿಯ ಬೇಟೆಗಾರನೊಬ್ಬನಿಗೆ ಇವರೇ ದೀಕ್ಷೆ ಕೊಟ್ಟು ಪಾದ್ರಿ ಮಾಡಿದ್ದರು. ಆತ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದ. ಅವನೇ ಬಿಷಪ್ ಆಗಬೇಕೆಂಬುದು ಇವರ ಒಂದೇ ಆಸೆ.

ಲಾಕ್‌ಡೌನ್ ಕಾಲದಲ್ಲಿ ಅಲ್ಲಿ ಬಿಷಪ್ ಚುನಾವಣೆ ಬಂತು. ಕಣದಲ್ಲಿ ಆ ಶಿಷ್ಯ, ಇನ್ನೊಬ್ಬರು ಟೊರಾಂಟೊ ಕಡೆಯ ದೊಡ್ಡ ವಿದ್ವಾಂಸರು. ಮತದಾನದ ಹಿಂದಿನ ದಿನ ಜೂಮ್ ಸಭೆ. ನರ್ಸ್ ಆಗಿದ್ದ ಮಗಳು ಡ್ಯೂಟಿಗೆ ಹೋಗಿದ್ದಳು. ಮಾಸ್ಕ್ ಹಾಕಿಕೊಂಡು ಹಿತ್ತಲಲ್ಲಿ ಲ್ಯಾಪ್‌ಟಾಪ್ ಹೊಂದಿಸಿದವಳು ನಾನು. ಯಾರು ಆದರೆ ಒಳ್ಳೆಯದು, ಹಳೆಯ ಬಿಷಪ್ಪರಾಗಿ ತಾವು ಹೇಳಬೇಕೆಂದು ಸಭೆಯ ಅಧ್ಯಕ್ಷರು ಇವರನ್ನು ಕೇಳಿದರು. ಪರದೆಯ ಮೂಲೆಯಲ್ಲಿ ಶಿಷ್ಯ ಉಸಿರು ಹಿಡಿದು ಕೂತಿದ್ದ. ಇವರು ತುಟಿ ಬಿಚ್ಚಲಿಲ್ಲ. ಮ್ಯೂಟ್ ಆಗಿದೆಯೆಂದು ನಾನು ಕೈ ಚಾಚಿದರೆ ಹಿಡಿದು ತಡೆದರು. ಕೊನೆಗೆ “ಪ್ರಾರ್ಥನೆ ಮಾಡುತ್ತೇನೆ” ಎಂದಷ್ಟೇ ಹೇಳಿದರು. ಶಿಷ್ಯನ ಮುಖ ಸಣ್ಣದಾಯಿತು.

ನನಗೆ ಸಿಟ್ಟು ಬಂದಿತ್ತು. “ಒಂದು ಮಾತು ಹೇಳಿದ್ರೆ ಏನಾಗ್ತಿತ್ತು ಅಂಕಲ್?”

“ನಾನು ಹೇಳಿ ಗೆದ್ದರೆ ಅವ ನನ್ನ ಬಿಷಪ್ ಆಗ್ತಾನೆ. ಅವರ ಬಿಷಪ್ ಆಗುವುದಿಲ್ಲ. ನೂರು ವರ್ಷ ನಾವೇ ಹೇಳಿದ್ದು ಸಾಕಲ್ವಾ?”

ಆತ ಗೆದ್ದ. ಆದರೆ ಗುರುವಿಗೆ ತನ್ನ ಮೇಲೆ ನಂಬಿಕೆಯಿಲ್ಲ ಎಂಬ ನೋವು ಅವನಲ್ಲಿ ಉಳಿಯಿತು. ಭಾನುವಾರದ ಫೋನ್ ನಿಂತಿತು. ಇವರು ಮಾತ್ರ ಭಾನುವಾರ ಊಟಕ್ಕೆ ಕೂತಾಗ ತಟ್ಟೆಯ ಪಕ್ಕ ಫೋನ್ ಇಟ್ಟುಕೊಳ್ಳುವುದನ್ನು ಬಿಡಲಿಲ್ಲ. ನೀವೇ ಮಾಡಿ ಎಂದರೆ, “ಅವನಿಗೆ ಕೆಲಸ ರಾಶಿ ಉಂಟು” ಎಂದು ಅವನ ಪರವಾಗಿಯೇ ವಾದಿಸುವರು.

ಎರಡು ಚಳಿಗಾಲ ಕಳೆದು, ಅವರು ಹಾಸಿಗೆ ಹಿಡಿದು ಮಾತು ಕ್ಷೀಣವಾದ ಮೇಲೆ ಶಿಷ್ಯನ ಫೋನ್ ಬಂತು. ಮಗಳು ಸ್ಪೀಕರಿಗೆ ಹಾಕಿದಳು. ಯಾವುದೋ ಹಳ್ಳಿಯಲ್ಲಿ ಎರಡು ಪಂಗಡಗಳ ಜಗಳವಂತೆ; ಹೊಸ ಬಿಷಪ್ಪರೇ ತೀರ್ಪು ಹೇಳಲಿ ಎಂದು ಎರಡೂ ಕಡೆಯವರು ಹಟ ಹಿಡಿದಿದ್ದರಂತೆ. “ಅವರೇ ಮಾತಾಡಿಕೊಳ್ಳಲಿ ಎಂದು ಬೆಳಿಗ್ಗೆಯಿಂದ ಬಾಯಿ ಮುಚ್ಚಿ ಕೂತಿದ್ದೇನೆ. ಇದೆಷ್ಟು ಕಷ್ಟ ಅಂತ ಇವತ್ತು ಗೊತ್ತಾಯಿತು” ಎಂದು ಆತ ಇಂಗ್ಲಿಷಿನಲ್ಲಿ ಹೇಳಿದ.

ಮುದುಕರ ಹೆಗಲು ನಗುವಿನಿಂದ ಕುಲುಕಿತು. ಆಮೇಲೆ ಶ್ರಮಪಟ್ಟು ಅಲ್ಲಿಯ ಭಾಷೆಯಲ್ಲಿ ಒಂದೇ ಒಂದು ಮಾತು ಹೇಳಿದರು. ಆ ಕಡೆಯ ದನಿ ಒಡೆದುಹೋಯಿತು. ಏನೆಂದರು ಎಂದು ಕಣ್ಣಲ್ಲೇ ಕೇಳಿದೆ. “ಮಗನೇ” ಎಂದಳು, ಆ ಭಾಷೆ ಬಲ್ಲ ಮಗಳು.

ಅದೇ ವಾರ ಅವರು ತೀರಿಕೊಂಡರು. ಆತ ವಿಮಾನದ ಮೇಲೆ ವಿಮಾನ ಬದಲಿಸಿ ಬಂದ. ಅಂತ್ಯಸಂಸ್ಕಾರದ ಪ್ರಾರ್ಥನೆಯಲ್ಲಿ ಇಲ್ಲಿಯ ಪಾದ್ರಿ ಅವನನ್ನು ಗೌರವದಿಂದ ಮುಂದೆ, ಬಿಷಪ್ಪರ ಜಾಗಕ್ಕೆ ಕರೆದರು. ಅವನು ಹೋಗಲಿಲ್ಲ. ಮಗಳ ಪಕ್ಕದಲ್ಲಿ, ಮನೆಯವರ ಸಾಲಿನಲ್ಲಿ ನಿಂತ.