ಖಾಲಿ ಬಿಟ್ಟ ನುಡಿ

ದೆವ್ವ ಕಂಡೆ, ಸತ್ತವರ ದನಿ ಕೇಳಿದೆ ಎನ್ನುವವರ ಎದುರು ನಾನು ಎಂದೂ ನಕ್ಕವಳಲ್ಲ. ಮನೆಗೆ ಬಂದು ಒಲೆಯ ಮುಂದೆ ಕುಳಿತು ನಗುತ್ತಿದ್ದೆ. ಊರ ಶಾಲೆಯಲ್ಲಿ ನಮ್ಮ ಮಾಸ್ತರರು ಅದೆಲ್ಲ ಮನಸ್ಸಿನ ಅಂಜಿಕೆ ಎಂದು ಹೇಳಿದ್ದರು, ಅದನ್ನೇ ನಂಬಿದ್ದೆ. ಈಗಲೂ ಪೂರ್ತಿ ಬಿಟ್ಟಿಲ್ಲ. ಆದರೆ ಮಕ್ಕಳೇ, ಹುಮನಾಬಾದಿನಲ್ಲಿ ಒಂದು ಸೋಮವಾರ ಸಂಜೆ ನನಗಾದದ್ದನ್ನು ಮಾಸ್ತರರ ಆ ಮಾತಿನೊಳಗೆ ಹೇಗೆ ಕೂಡಿಸಬೇಕೋ ತಿಳಿಯದು. ಆಗ ನೀವು ಸಣ್ಣವರು. ಬಾಯಿಂದ ಹೇಳಲು ನಾಚಿಕೆಯಾಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಕೊಹಿನೂರದಲ್ಲಿ ನಮ್ಮದೊಂದು ಹೆಣ್ಣುಮಕ್ಕಳ ಭಜನಾ ಮೇಳವಿತ್ತು. ಕರೆದರೆ ಟಂಟಂ ಗಾಡಿ ಹತ್ತಿ ಬಸವಕಲ್ಯಾಣಕ್ಕೂ ಹೋಗಿ ಹಾಡಿ ಬರುತ್ತಿದ್ದೆವು. ಮುಂದೆ ಹಾಡುವವರು ಒಂದು ಸಾಲು ಹೇಳಿದರೆ ಹಿಂದಿನವರು ಅದನ್ನೇ ಎತ್ತಿಕೊಳ್ಳಬೇಕು. ನಾನು ಮದುವೆಯಾಗಿ ಬಂದಾಗಿನಿಂದ ಹಿಂದಿನವಳೇ. ಒಂದು ಸಾಲು ನೀನು ಹೇಳು ಎಂದು ಯಾರಾದರೂ ಅಂದರೆ ಗಂಟಲು ಕಟ್ಟಿಬಿಡುತ್ತಿತ್ತು. ಮುಂದಿನ ದನಿಯ ಬೆನ್ನು ಹಿಡಿದು, ತಾಳ ಹಾಕುತ್ತ, ಕಣ್ಣು ಮುಚ್ಚಿ ಹೋಗುವುದರಲ್ಲೇ ನನಗೆ ಸುಖ. ನನ್ನ ಯಜಮಾನರು, ನಿಮ್ಮ ಮುತ್ತ್ಯಾ, ಇದನ್ನೇ ಹಿಡಿದು ಚಾಷ್ಟಿ ಮಾಡಿ ನಗುತ್ತಿದ್ದರು. ಬಂಡಿ ಮುಂದ ಹೋಗಲಿ, ಧೂಳು ನನಗಿರಲಿ ಅನ್ನಾಕಿ ನೀ, ಎಂದು.

ಅವರು ತೀರಿಕೊಂಡ ಮೇಲೆ ನಿಮ್ಮ ಅಪ್ಪ ನನ್ನನ್ನು ಹುಮನಾಬಾದಿಗೆ ಕರೆತಂದ. ಮನೆಯಲ್ಲಿ ಯಾವುದಕ್ಕೂ ಕೊರತೆ ಇರಲಿಲ್ಲ. ಆದರೆ ಹಾಡು ನಿಂತುಹೋಗಿತ್ತು. ತಾಳವನ್ನು ಅರಿವೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದೆ. ಒಬ್ಬಳೇ ಕುಳಿತಾಗ ಹಾಡಲು ನೋಡಿದರೆ ದನಿ ಹೊರಡುತ್ತಿರಲಿಲ್ಲ. ಮುಂದೆ ಯಾರೂ ಇಲ್ಲದೆ ನಾನು ಎಲ್ಲಿಂದ ಎತ್ತಿಕೊಳ್ಳಲಿ? ಇನ್ನು ಸಾಯುವವರೆಗೆ ಹೀಗೇ ಮೂಕಳಾಗಿ ಇರಬೇಕೇನೋ ಎಂದು ರಾತ್ರಿ ಅಂಜಿಕೆ ಬರುತ್ತಿತ್ತು.

ಹಿಂದಿನ ಓಣಿಯ ಗುಡಿಯಲ್ಲಿ ಸೋಮವಾರ ಹಾರ್ಮೋನಿಯಂ ಕೇಳುತ್ತಿತ್ತು. ಕೊತ್ತಂಬರಿ ತರುವ ನೆಪ ಮಾಡಿ ಆ ಕಡೆ ಹೋಗುವುದು, ಬಾಗಿಲಿನ ಹೊರಗೆ ನಿಂತು ಕೇಳುವುದು, ಯಾರಾದರೂ ನೋಡಿದರೆ ಸರ್ರನೆ ಬರುವುದು, ಹೀಗೆ ನಡೆದಿತ್ತು. ಕಡೆಗೆ ಆ ಮೇಳದ ಚಂದ್ರಮ್ಮ, ಹಾರ್ಮೋನಿಯಂ ನುಡಿಸುವಾಕೆ, ನನ್ನನ್ನು ಹಿಡಿದೇಬಿಟ್ಟರು.

“ಪ್ರತಿ ಸೋಮವಾರ ಕೊತ್ತಂಬರಿ ಹಿಡಕೊಂಡು ನಿಲ್ತೀರಿ. ಒಳಗ ಬರ್ರಿ ಅಕ್ಕಾ, ನಾವೇನು ಕೊತ್ತಂಬರಿ ಕಸಗೊಳ್ಳಂಗಿಲ್ಲ.”

ಕೊಹಿನೂರದವಳು ಎಂದು ಹೇಳಿದಾಗ, ಹಂಗಾರ ಒಂದು ವಜ್ರ ಸಿಕ್ತು ನಮಗ, ಎಂದು ಇನ್ನೊಬ್ಬಾಕೆ ನಕ್ಕಳು. ಮುಂದಿನ ಸೋಮವಾರ ತಾಳ ತೆಗೆದುಕೊಂಡು ಹೋದೆ. ದೀಪ ಹಚ್ಚುವ ಹೊತ್ತು. ಢೋಲಕಿಗೆ ಮಹೆಬೂಬ್ ಸಾಬ್ ಎಂಬ ವಯಸ್ಸಾದವರು ಕುಳಿತಿದ್ದರು. ನಾನು ಎಲ್ಲರಿಗಿಂತ ಹಿಂದೆ, ಗೋಡೆಗೆ ಬೆನ್ನು ಕೊಟ್ಟು ಕುಳಿತೆ. ಹಾಡುಗಳು ನಡೆದವು. ಕಟ್ಟಿದ್ದ ಗಂಟಲು ತಾನೇ ಬಿಚ್ಚಿತು. ಎಷ್ಟೋ ದಿನದ ಮೇಲೆ ಕಣ್ಣು ಮುಚ್ಚಿ ಹಾಡಿದೆ.

ಕೊನೆಗೆ ಒಂದು ತತ್ವಪದ ಎತ್ತಿದರು. ನಾನು ಎಂದೂ ಕೇಳದ ಪದ. ಎರಡು ನುಡಿ ಮುಗಿದವು. ಮೂರನೆಯ ನುಡಿಯನ್ನು ಮುಂದೆ ಬೇರೆ ಯಾರೋ ಹೇಳಿದರು. ವಯಸ್ಸಾದ ದನಿ, ಸ್ವಲ್ಪ ಒಡೆದದ್ದು, ಸಾಲಿನ ಕೊನೆಯ ಅಕ್ಷರವನ್ನು ಬಿಡಲಾರದೆ ಬಿಡುವಂತೆ ಎಳೆಯುತ್ತಿತ್ತು. ಢೋಲಕಿ ಮೆಲ್ಲಗೆ ಅದರ ಕೆಳಗೆ ಇತ್ತು. ಆ ಸಾಲು ಮುಗಿದೊಡನೆ ನಾನು ಎತ್ತಿಕೊಂಡೆ. ಅದು ಮುಂದಿನ ಸಾಲು ಹೇಳಿತು, ಅದನ್ನೂ ಎತ್ತಿಕೊಂಡೆ. ಹೀಗೆ ನುಡಿ ಪೂರ್ತಿಯಾಯಿತು. ನನ್ನ ಜೊತೆ ಹಿಂದಿನವರು ಯಾರೂ ಹಾಡುತ್ತಿಲ್ಲ ಎಂಬುದು ಆಗ ಗೊತ್ತಾಯಿತು. ಕಣ್ಣು ತೆರೆದೆ. ಎಲ್ಲರೂ ಹೊರಳಿ ನನ್ನನ್ನೇ ನೋಡುತ್ತಿದ್ದರು. ಚಂದ್ರಮ್ಮನ ಕೈ ಹಾರ್ಮೋನಿಯಂ ಮೇಲೆ ಸುಮ್ಮನೆ ಬಿದ್ದಿತ್ತು.

“ಈ ನುಡಿ ನಿಮಗ ಯಾರು ಕಲಿಸಿದ್ರು?” ಎಂದರು.

“ಯಾರೂ ಕಲಿಸಿಲ್ರಿ. ಮುಂದ ಹಾಡಿದ್ರಲ್ಲ, ಅವರ ಹಿಂದ ಹಾಡ್ದೆ.”

“ಮುಂದ ಯಾರೂ ಹಾಡಿಲ್ಲ ಅಕ್ಕಾ.”

ಆಮೇಲೆ ಚಂದ್ರಮ್ಮನೇ ಹೇಳಿದರು. ಆ ಪದವನ್ನು ಅವರ ಅತ್ತೆ ಬೇಮಳಖೇಡದ ತವರಿನಿಂದ ತಂದಿದ್ದರಂತೆ. ಮೂರನೆಯ ನುಡಿ ಅವರೊಬ್ಬರಿಗೇ ಗೊತ್ತು, ಅದನ್ನು ಅವರೊಬ್ಬರೇ ಹಾಡುತ್ತಿದ್ದರಂತೆ. ಕಲಿಸಿರಿ ಎಂದರೆ, ಅವಸರ ಏನದ, ಎನ್ನುತ್ತಿದ್ದರಂತೆ. ಹಾಗೆನ್ನುತ್ತಲೇ ತೀರಿಹೋದರು. ಬೇಮಳಖೇಡಕ್ಕೆ ಹೋಗಿ ಕೇಳಿದರೂ ಬಲ್ಲವರು ಸಿಗಲಿಲ್ಲ. ಅಂದಿನಿಂದ ಮೇಳದಲ್ಲಿ ಒಂದು ರೂಢಿ ಬಂದಿತ್ತು. ಆ ನುಡಿಯ ಹೊತ್ತಿಗೆ ಎಲ್ಲರೂ ಬಾಯಿ ಮುಚ್ಚಿ ತಾಳವೊಂದನ್ನೇ ಹಾಕುವುದು, ಢೋಲಕಿಯೂ ಇಲ್ಲ, ಹಾರ್ಮೋನಿಯಂ ಕೂಡ ಇಲ್ಲ. ಹೊಸಬಳಾದ ನನಗೆ ಇದನ್ನು ಹೇಳಲು ಅವರಿಗೆ ಮರೆತಿತ್ತು.

ಚಂದ್ರಮ್ಮ ನನ್ನ ಕೈ ಹಿಡಿದು ಇನ್ನೊಮ್ಮೆ ಹಾಡಿರಿ ಎಂದು ಬೇಡಿಕೊಂಡರು. ನಾನು ಬಾಯಿ ತೆರೆದೆ. ಒಂದು ಶಬ್ದವೂ ಉಳಿದಿರಲಿಲ್ಲ. ಬಾವಿಯ ಹಗ್ಗದ ಮಾತೇನೋ ಇತ್ತು, ಅಷ್ಟೇ. ಮೂಲೆಯಲ್ಲಿ ಯಾರೋ, ಮೈಮ್ಯಾಲೆ ಬಂದದ, ಎಂದು ಪಿಸುಗುಟ್ಟಿದರು. ಮಹೆಬೂಬ್ ಸಾಬರ ಕಡೆ ತಿರುಗಿ, ನೀವು ಯಾಕ ನುಡಿಸಿದ್ರಿ, ನಾ ಹಾಡೂಕಿಂತ ಮೊದಲೇ ನಿಮ್ಮ ಕೈ ನಡೆದಿತ್ತಲ್ಲ, ಎಂದೆ. ಅವರು ಢೋಲಕಿಗೆ ಗವಸು ಹಾಕುತ್ತಿದ್ದರು.

“ಹಾಡು ಬಂದ್ರ ಕೈ ಹೋಗ್ತದ ಅಮ್ಮಾ. ಯಾರದಂತ ನಾ ತಲಿ ಎತ್ತಿ ನೋಡಿಲ್ಲ,” ಎಂದರು.

ಯಾರಾದರೂ ಫೋನಿನಲ್ಲಿ ರೆಕಾರ್ಡ್ ಮಾಡಿರಲಿಲ್ಲವೇ ಎಂದು ನೀವು ಕೇಳುತ್ತೀರಿ. ಇಲ್ಲ, ಭಜನೆಯ ಹೊತ್ತು ಫೋನೆಲ್ಲ ಹೊರಗೆ ಒಂದು ಚೀಲದಲ್ಲಿರುತ್ತವೆ. ನಾನು ಎಂದೋ ಸಣ್ಣವಳಿದ್ದಾಗ ಕೇಳಿರಬೇಕು ಎಂದ ನಿಮ್ಮ ಅಪ್ಪ. ಇರಬಹುದು. ಬೇಮಳಖೇಡಕ್ಕೆ ನಾನು ಹೋದವಳಲ್ಲ, ಆದರೂ ಪದಗಳಿಗೆ ಕಾಲಿರುತ್ತವೆ. ಆದರೆ ಅವನಿಗೆ ಗೊತ್ತಿಲ್ಲದ್ದು ಒಂದಿದೆ. ಜನ್ಮದಲ್ಲಿ ಒಂದು ಸಾಲನ್ನೂ ನಾನು ಮೊದಲು ಎತ್ತಿದವಳಲ್ಲ.

ಇನ್ನು ಆ ಕಡೆ ಹೋಗಬಾರದೆಂದು ತಾಳವನ್ನು ಮತ್ತೆ ಟ್ರಂಕಿನಲ್ಲಿಟ್ಟೆ. ಆ ವಾರವೇ ಚಂದ್ರಮ್ಮ ಮನೆಗೆ ಬಂದರು. ಚಹಾ ಕುಡಿದರು, ಮಳೆಯ ಮಾತಾಡಿದರು. ಏಳುವಾಗ ಅಂದರು:

“ನೆನಪಾಗಲಿ, ಬಿಡಲಿ, ಬರ್ರಿ ಅಕ್ಕಾ. ನಮ್ಮ ಅತ್ತಿಯವರಿಗೆ ಹಿಂದ ಹಾಡೋರು ಒಬ್ಬರು ಬೇಕಲ್ಲ.”

ಹೋದೆ. ಇಂದಿಗೂ ಹೋಗುತ್ತೇನೆ. ಆ ದನಿ ಮತ್ತೆ ಬಂದಿಲ್ಲ. ಮೂರನೆಯ ನುಡಿಯ ಹೊತ್ತಿಗೆ ಎಲ್ಲರೂ ಬಾಯಿ ಮುಚ್ಚಿ, ನನ್ನನ್ನು ನೋಡಬಾರದೆಂದು ತಲೆ ತಗ್ಗಿಸುತ್ತಾರೆ. ತಾಳ ನಡೆದಿರುತ್ತದೆ. ನಾನು ಉಸಿರು ತುಂಬಿಕೊಂಡು ಕಾಯುತ್ತೇನೆ.