ದಬ್ಬಣದಲ್ಲಿ ಹೊಲಿದ ಡೇರೆ

ನಮ್ಮ ಮನೆಯವರ ಕಣ್ಣಿಗೆ ನಿದ್ದೆ ಹತ್ತದೇ ಹೋದ ವರ್ಷ ನಾನು ಡೇರೆ ಹೊಲಿದೆ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅವರು ದಾಂಡೇಲಿಯ ಕಾಗದದ ಗಿರಣಿಯಲ್ಲಿ ಯಂತ್ರದ ಮೇಲೆ ಕೆಲಸಕ್ಕಿದ್ದರು. ಒಂದು ವಾರ ಬೆಳಗಿನ ಪಾಳಿ, ಮುಂದಿನ ವಾರ ಮಧ್ಯಾಹ್ನದ್ದು, ಅದರ ಮುಂದಿನ ವಾರ ರಾತ್ರಿಯದು. ಕೆಲಸದ ಮೇಲೆ ಅವರಿಗೆ ಬೇಸರವಿರಲಿಲ್ಲ. ತಾವು ಮಾಡಿದ ಕಾಗದದ ಮೇಲೆ ಯಾವುದೋ ಊರಿನ ಮಕ್ಕಳು ಅಕ್ಷರ ತಿದ್ದುತ್ತಾರೆಂದು ಮನೆಗೆ ಬಂದವರಿಗೆಲ್ಲ ಹೇಳುವವರು. ಆದರೆ ಪಾಳಿ ಬದಲಾಗುತ್ತ ಬದಲಾಗುತ್ತ ಮೈಗೆ ಹಗಲು ಯಾವುದು, ಇರುಳು ಯಾವುದು ತಿಳಿಯದಂತಾಗಿತ್ತು. ರಜೆಯ ದಿನವೂ ಗಿರಣಿಯ ಭೋಂಗಾ ಕೂಗಿದರೆ ಎದ್ದು ಕುಳಿತು ಚಪ್ಪಲಿ ಹುಡುಕುತ್ತಿದ್ದರು. ಊಟಕ್ಕೆ ಕೂತರೆ ಮುರಿದ ರೊಟ್ಟಿ ಕೈಯಲ್ಲೇ ಉಳಿಯುತ್ತಿತ್ತು.

ವೈದ್ಯರು ಔಷಧ ಕೊಡಲಿಲ್ಲ. "ಒಂದೀಟು ದಿವಸ ಎಲ್ಲ್ಯಾರ ಹೋಗಿ ಸುಮ್ನ ಕೂತು ಬರ್ರಿ" ಎಂದರು.

ಸುಮ್ಮನೆ ಕೂಡುವ ಊರು ನಮಗೆಲ್ಲಿತ್ತು? ಮುಂಡಗೋಡ ಕಡೆಯ ಇಂದೂರಿನಲ್ಲಿ ಅವರ ಅಕ್ಕನ ಮನೆಯಿತ್ತು, ಅಲ್ಲಿಗೆ ಹೋದೆವು. ಹೊಸ್ತಿಲು ದಾಟಿದ್ದೇ ತಡ, ಗಿರಣಿಯವನು ಬಂದಿದ್ದಾನೆಂದು ಜನ ಸೇರಿದರು. ಒಬ್ಬರಿಗೆ ಮಗನ ನೌಕರಿಯ ಚಿಂತೆ, ಇನ್ನೊಬ್ಬರಿಗೆ ಅಳಿಯನದು. ಅಲ್ಲಿಂದ ನನ್ನ ತವರು ಹಳಿಯಾಳಕ್ಕೆ ಬಂದರೆ ಅಳಿಯನಿಗೆಂದು ಹೋಳಿಗೆಯ ಮೇಲೆ ಹೋಳಿಗೆ, ಬೆಳಗಾದರೆ ಯಾರದೋ ಮನೆಯ ಫಲಾರ, ಸಂಜೆಯಾದರೆ ಯಾರದೋ ಮನೆಯ ಚಹಾ. ಹೋಗುವಾಗ ಇದ್ದುದಕ್ಕಿಂತ ಹೆಚ್ಚು ದಣಿದು ದಾಂಡೇಲಿಗೆ ಮರಳಿದೆವು.

ಮರುದಿನ ಅಕ್ಕಿ ಆರಿಸುತ್ತ ಕುಳಿತಾಗ ನನಗೆ ಅಪ್ಪನ ನೆನಪಾಯಿತು. ಅಪ್ಪ ಭತ್ತದ ವ್ಯಾಪಾರಿ. ಸುಗ್ಗಿಯಲ್ಲಿ ತೇರಗಾಂವ ಕಡೆಯ ಕಣಗಳಿಗೆ ಖರೀದಿಗೆ ಹೋದರೆ ಅಲ್ಲೇ ತಾಡಪತ್ರಿಯ ಡೇರೆ ಹಾಕಿಕೊಂಡು ವಾರಗಟ್ಟಲೆ ಇರುತ್ತಿದ್ದ. ಚಿಕ್ಕವಳಿದ್ದಾಗ ಒಂದು ಸಲ ನನ್ನನ್ನೂ ಕರೆದೊಯ್ದಿದ್ದ. ಮನೆಯಲ್ಲಿ ಎಲ್ಲರ ಮೇಲೆ ಹರಿಹಾಯುವ ಮನುಷ್ಯ ಆ ಡೇರೆಯ ಮುಂದೆ ಹುಲ್ಲಿನ ಮೇಲೆ ಕಾಲು ಚಾಚಿ ಕುಳಿತು ಹಾಡು ಹೇಳಿದ. ಅಪ್ಪನಿಗೆ ಹಾಡು ಬರುತ್ತದೆಂದು ನನಗೆ ಗೊತ್ತಾದದ್ದೇ ಅಲ್ಲಿ.

ಸಂಜೆ ಮನೆಯವರಿಗೆ ಕೇಳಿದೆ: "ಡೇರೆ ಹಾಕ್ಕೊಂಡು ಹೊಳಿ ದಂಡಿಗೆ ಇರೂಣೇನ್ರಿ?"

ಬಹಳ ದಿನಗಳ ಮೇಲೆ ಅವರು ನಕ್ಕರು. ನಮ್ಮ ಜೊತೆಗೇ ಇದ್ದ ಅತ್ತೆ ನಗಲಿಲ್ಲ.

"ಹಂಚಿನ ಮನಿ ಬಿಟ್ಟು ಬೈಲಾಗ ಮಲಗೂದೇನ? ಮಂದಿ ಏನಂದಾರು? ಮನಿ ಬಿಡಿಸ್ಯಾರ ಅಂತಾರ."

"ಇರ್ಲಿ ಬಿಡವ್ವ" ಎಂದ ಅವರು ನನ್ನತ್ತ ತಿರುಗಿದರು. "ಡೇರೆ ಎಲ್ಲಿಂದ ತರ್ತಿ?"

"ಹೊಲೀತೇನಿ" ಎಂದೆ.

ಹಸಿ ಕಾಗದವನ್ನು ಬಿಸಿ ಉರುಳೆಗಳ ಮೇಲೆ ಒತ್ತಿ ಒಣಗಿಸಲು ಯಂತ್ರದಲ್ಲಿ ದಪ್ಪ ಕ್ಯಾನ್ವಾಸ್ ಬಟ್ಟೆ ಇರುತ್ತದೆ. ಅದು ಸವೆದ ಮೇಲೆ ಬಿಚ್ಚಿ ಕೆಲಸಗಾರರಿಗೇ ಅಗ್ಗಕ್ಕೆ ಕೊಡುತ್ತಿದ್ದರು. ಮಂದಿ ಅದನ್ನು ಕಾಳು ಒಣಗಿಸಲು, ಬಣವೆ ಮುಚ್ಚಲು ಒಯ್ಯುತ್ತಿದ್ದರು. ನಮ್ಮ ಮನೆಯವರೂ ಒಂದು ದೊಡ್ಡ ಸುರುಳಿಯನ್ನು ಸೈಕಲ್ಲಿನ ಮೇಲೆ ಹೇರಿ ನೂಕಿಕೊಂಡು ತಂದರು. ದರ್ಜಿಗೆ ತೋರಿಸಿದರೆ, ಮಷೀನಿನ ಸೂಜಿ ಮುರಿಯುತ್ತದೆ, ಒಲ್ಲೆ ಎಂದ. ನನಗೆ ಮಷೀನು ಬೇಕೂ ಇರಲಿಲ್ಲ. ಹಳಿಯಾಳದಲ್ಲಿ ಭತ್ತದ ಚೀಲಗಳ ಬಾಯಿ ಹೊಲಿಯುತ್ತಲೇ ಬೆಳೆದವಳು ನಾನು. ದಬ್ಬಣ, ಸೆಣಬಿನ ಹುರಿ, ಅಂಗೈಗೆ ಸುತ್ತಲು ಒಂದು ಚಿಂದಿ, ಇಷ್ಟಿದ್ದರೆ ಸಾಕಿತ್ತು.

ಪಡಸಾಲೆಯಲ್ಲಿ ಬಟ್ಟೆ ಹರವಿಕೊಂಡು ಶುರು ಮಾಡಿದೆ. ಅತ್ತೆ ದೂರದಿಂದಲೇ ನೋಡುತ್ತಿದ್ದರು. ಕೆಲವು ಸಂಜೆ ಹಾಗೆಯೇ ಕಳೆದವು. ಒಂದು ದಿನ ತಡೆಯಲಾರದೆ ಹತ್ತಿರ ಬಂದು ಕುಳಿತರು.

"ಹಿಂಗ ಒಂದರ ಮ್ಯಾಲೆ ಒಂದು ಇಟ್ಟು ಹೊಲದ್ರ ನೀರು ಇಳಿತೈತಿ, ತಂಗಿ. ಅಂಚು ಒಳಗ ಮಡಚು. ಕೌದಿಗೆ ಮಡಚಿದಂಗ."

ಕೌದಿ ಹೊಲಿಯುವುದರಲ್ಲಿ ಅವರನ್ನು ಸರಿಗಟ್ಟುವವರು ಅವರ ಊರಿನಲ್ಲಿ ಇರಲಿಲ್ಲ. ಹೊಲಿದದ್ದನ್ನು ಬಿಚ್ಚಿದೆ. ಅವರು ಇನ್ನೊಂದು ದಬ್ಬಣ ತರಿಸಿ ಆ ಕೊನೆಯಿಂದ ಹೊಲಿಯುತ್ತ ಬಂದರು, ನಾನು ಈ ಕೊನೆಯಿಂದ. ಮದುವೆಯಾಗಿ ಬಂದ ಮೇಲೆ ನಾವಿಬ್ಬರೂ ಅಷ್ಟು ಹೊತ್ತು ಒಂದೇ ಕೆಲಸಕ್ಕೆ ಕೂತದ್ದು ಅದೇ ಮೊದಲು. ಅವರ ಚಿಕ್ಕಂದಿನ ಮಾತುಗಳನ್ನೆಲ್ಲ ನಾನು ಕೇಳಿದ್ದು ಆ ಬಟ್ಟೆಯ ಮೇಲೆಯೇ. ನಡುವೆ ಹೊಲಿಗೆಗಳು ಕೂಡಿದಾಗ ಅವರು ನನ್ನ ಸಾಲಿನ ಮೇಲೆ ಹೆಬ್ಬೆರಳು ಎಳೆದು ನೋಡಿದರು. "ಸಾಲು ಸೊಟ್ಟ ಅದ. ಆದ್ರ ಹರಿಯೂದಿಲ್ಲ" ಎಂದರು. ಅತ್ತೆಯ ಬಾಯಿಂದ ನನಗೆ ಸಿಕ್ಕ ಮೊದಲ ಮೆಚ್ಚುಗೆ ಅದು.

ಹೊಲಿಗೆಗೆಲ್ಲ ಜೇನುಮೇಣ ತಿಕ್ಕಿದೆವು. ಗಿರಣಿಯವರ ವಸತಿಯ ಬಯಲಲ್ಲಿ ಬಿದಿರಿನ ಗಳ ನಿಲ್ಲಿಸಿ, ಹಗ್ಗ ಕಟ್ಟಿ, ಮೇಲಿಂದ ಕೊಡ ಕೊಡ ನೀರು ಸುರಿದು ನೋಡಿದೆವು. ನೋಡಲು ಸುತ್ತಲಿನ ಮನೆಗಳವರೆಲ್ಲ ಬಂದರು. ನೆರೆಮನೆಯ ಗಂಡಸೊಬ್ಬ ಕೇಳಿದ:

"ಸರ್ಕಸ್ ಯಾವಾಗ ಸುರು ಅಜ್ಜಿ? ತಿಕೀಟು ಎಷ್ಟು?"

"ಮೊದಲ ನೀ ಹೋಗಿ ಹುಲಿ ಹಿಡಕೊಂಡು ಬಾ, ಆಮ್ಯಾಲೆ ಸುರು ಮಾಡೂಣು" ಎಂದರು ಅತ್ತೆ. ಆಗಲೇ ನನಗೆ ತಿಳಿಯಿತು, ಇವರೂ ನಮ್ಮ ಜೊತೆಗೆ ಬರುತ್ತಾರೆಂದು.

ಬೇಸಿಗೆಯಲ್ಲಿ ರಜೆ ಸಿಕ್ಕಿತು. ಬಾಡಿಗೆಯ ಚಕ್ಕಡಿಯಲ್ಲಿ ಡೇರೆ, ಜೋಳದ ಹಿಟ್ಟು, ಶೇಂಗಾ ಚಟ್ನಿಯ ಡಬ್ಬಿ, ಗುದ್ದಲಿ, ಕೌದಿಗಳನ್ನು ಹೇರಿಕೊಂಡು ಜೋಯಿಡಾ ಕಡೆಗೆ ಹೊರಟೆವು. ಗಿರಣಿಗೆ ಬಿದಿರು ಕಡಿದು ಕೊಡುವ ಕೆಲಸದಿಂದ ನಮ್ಮ ಮನೆಯವರಿಗೆ ಪರಿಚಯವಾಗಿದ್ದ ಕೊಂಕಣಿ ಮಾತಿನ ರೈತನೊಬ್ಬ ಅಲ್ಲಿದ್ದ. ಕಾಳಿ ಹೊಳೆಯ ದಂಡೆಯ ಮೇಲೆ ಕೊಯ್ಲು ಮುಗಿದ ಅವನ ಗದ್ದೆ. ಗದ್ದೆಯ ಮೇಲ್ಬದಿಗೆ ಅವನ ಹುಲ್ಲಿನ ಮನೆ. ಕೂಗಿದರೆ ಕೇಳುವಷ್ಟು ದೂರ, ಹೀಗಾಗಿ ಕಾಡಿನ ಭಯವೂ ಇರಲಿಲ್ಲ.

ಗಳ ನಿಲ್ಲಿಸುವ ಜಾಗ ನಾನು ಆರಿಸಿದೆ. ಹಗ್ಗ ಕಟ್ಟಿದವರು ಮನೆಯವರು. ಅತ್ತೆ ಸೀರೆ ಎತ್ತಿ ಕಟ್ಟಿ, ಗುದ್ದಲಿ ತೆಗೆದುಕೊಂಡು ಡೇರೆಯ ಸುತ್ತ ಸಣ್ಣ ಕಾಲುವೆ ತೋಡಿದರು. ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ಮಗ ನಕ್ಕರೆ, "ಹೊಲಾ ಮಾಡಿದಾಕಿ ನಾನು. ಮುಗಲಿನ ಮಾತು ನಂಬಾಂಗಿಲ್ಲ" ಎಂದರು.

ಮೊದಲ ದಿನ ಮನೆಯವರಿಗೆ ಸುಮ್ಮನಿರುವುದೇ ಬರಲಿಲ್ಲ. ಕಟ್ಟಿದ ಹಗ್ಗವನ್ನೇ ಮತ್ತೆ ಬಿಗಿದರು. ಬೇಕಿಲ್ಲದಷ್ಟು ಕಟ್ಟಿಗೆ ತಂದು ಹಾಕಿದರು. ಭೋಂಗಾ ಕೂಗುವ ಹೊತ್ತಿಗೆ ತಲೆ ಎತ್ತಿ ದಾಂಡೇಲಿಯ ದಿಕ್ಕಿಗೆ ನೋಡಿದರು; ಅಲ್ಲಿಂದ ಏನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಹೊಳೆಯಲ್ಲಿ ಮಿಂದು, ವಿಭೂತಿ ಧರಿಸಿ, ಲಿಂಗಪೂಜೆಗೆ ಕೂತವರು ಬಹಳ ಹೊತ್ತು ಏಳಲಿಲ್ಲ. ಮೂರು ಕಲ್ಲಿನ ಒಲೆಯ ಮೇಲೆ ನಾನು ಬಡಿದ ರೊಟ್ಟಿಯನ್ನು ಎಣಿಸದೇ ತಿಂದರು. ಉಂಡವರು ಡೇರೆಯ ನೆರಳಲ್ಲಿ ಒರಗಿದರು. ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ ಅತ್ತೆ ಬಾಯಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದರು. ಮಗನಿಗೆ ನೊಣ ಕೂಡದಂತೆ ಸೆರಗಿನಿಂದ ಗಾಳಿ ಹಾಕುತ್ತ ಕೂತಿದ್ದರು. ರೈತನ ಎಮ್ಮೆಗಳು ಮೇದು ಮರಳುವವರೆಗೂ ಮಲಗಿದವರು ಮಗ್ಗಲು ಬದಲಿಸಲಿಲ್ಲ.

ಆಮೇಲಿನ ದಿನಗಳಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ. ಹಸಿವಾದಾಗ ಉಣ್ಣುತ್ತಿದ್ದೆವು. ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂಡುತ್ತಿದ್ದೆವು. ಅತ್ತೆ ಮಧ್ಯಾಹ್ನ ಮಲಗಿದ್ದನ್ನು ನಾನು ಅಲ್ಲಿಯೇ ಮೊದಲು ಕಂಡೆ. ಮನೆಯಲ್ಲಿ ಹಗಲು ನಿದ್ದೆ ಮಾಡುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಹೊರಡಲು ಸ್ವಲ್ಪ ದಿನ ಇರುವಾಗ ಒಂದು ಮಧ್ಯಾಹ್ನ ಗಾಳಿ ಒಮ್ಮೆಲೇ ನಿಂತಿತು. ರೈತ ಓಡಿ ಬಂದು ಆಕಾಶದ ಕಡೆ ಕೈ ಮಾಡಿದ. "ಪಾವ್ಸ ಯೆತಾ!" ಎಂದ. ಮಳೆ ಬರುತ್ತದೆಂದು ತಿಳಿಯಲು ಕೊಂಕಣಿ ಬರಬೇಕಾಗಿರಲಿಲ್ಲ, ಪಡುವಣ ಕಪ್ಪಾಗಿತ್ತು. ತನ್ನ ಮನೆಗೆ ಬನ್ನಿರೆಂದು ಕರೆದ. ನಮ್ಮ ಮನೆಯವರು ಎದ್ದು ನಿಂತರು.

"ನೀವು ಅತ್ತೀನ ಕರ್ಕೊಂಡು ಹೋಗ್ರಿ. ನಾ ಬರಂಗಿಲ್ಲ" ಎಂದೆ. "ನಾ ಹೊಲದದ್ದು ನಿಂದರ್ತೈತೋ ಇಲ್ಲೋ, ನಾ ನೋಡಬೇಕು."

"ಹುಚ್ಚಿ ಅದಿಯೇನು?"

"ನಾನೂ ಎಲ್ಲೀ ಬರಂಗಿಲ್ಲ" ಎಂದ ಅತ್ತೆ ಡೇರೆಯೊಳಗೆ ಹೋಗಿ ಕೂತೇಬಿಟ್ಟರು. ಮನೆಯವರು ನಮ್ಮಿಬ್ಬರನ್ನೂ ನೋಡಿ, ತಲೆ ಅಲ್ಲಾಡಿಸಿ, ಗೂಟಗಳನ್ನೆಲ್ಲ ಮತ್ತೊಮ್ಮೆ ಬಡಿದು ಒಳಗೆ ಬಂದರು.

ಗಾಳಿ ಹೊಳೆಯ ಆಚೆಯಿಂದ ಬಂದು ಡೇರೆಯ ಬೆನ್ನಿಗೆ ಗುದ್ದಿತು. ನಡುವಿನ ಗಳ ಕಿರುಗುಟ್ಟಿತು. ಅವರು ಅದನ್ನು ಎರಡೂ ಕೈಗಳಿಂದ ತಬ್ಬಿ ಹಿಡಿದರು. ಆಣೆಕಲ್ಲು ಬಡಿದವು, ಹಿಂದೆಯೇ ಮಳೆ. "ಒಳಗಿಂದ ಬಟ್ಟಿ ಮುಟ್ಟಬ್ಯಾಡ್ರಿ, ಮುಟ್ಟಿದಲ್ಲೇ ಸೋರ್ತೈತಿ" ಎಂದು ನಾನು ಕೂಗಿದೆ. ಅಪ್ಪ ಕಣದಲ್ಲಿ ಹೇಳುತ್ತಿದ್ದ ಮಾತು ಅದು. ನನ್ನ ಕಣ್ಣೆಲ್ಲ ಹೊಲಿಗೆಯ ಮೇಲೆಯೇ. ಆ ಸೊಟ್ಟ ಸಾಲು ಉಬ್ಬುತ್ತಿತ್ತು, ಬಿಗಿಯುತ್ತಿತ್ತು, ಬಿಡುತ್ತಿರಲಿಲ್ಲ. ಹೊರಗೆ ಅತ್ತೆಯ ಕಾಲುವೆ ತುಂಬಿ ಹರಿದು ಹೊಳೆಯ ಕಡೆ ಇಳಿಯಿತು. ಒಳಗಿನ ನೆಲ ಒಣಗಿಯೇ ಇತ್ತು.

ಅಷ್ಟರಲ್ಲಿ ಬಾಗಿಲ ಬಟ್ಟೆ ಸರಿಸಿ ರೈತ, ಅವನ ಹಿಂದೆ ಅವನ ಹೆಂಡತಿ, ತೊಯ್ದು ತೊಪ್ಪೆಯಾಗಿ ಒಳಗೆ ಬಂದರು. ಅವಳ ಕಂಕುಳಲ್ಲಿ ಒಂದು ಕೋಳಿ. ಗಾಳಿಗೆ ಅವರ ಮಾಡಿನ ಹುಲ್ಲು ಅರ್ಧ ಹಾರಿಹೋಗಿತ್ತು. ಅತ್ತೆ ಕೌದಿ ತೆಗೆದು ಅವಳ ಹೆಗಲಿಗೆ ಹೊದಿಸಿದರು. ಎಲ್ಲರೂ ಮೈಗೆ ಮೈ ತಾಗಿಸಿ ಕೂತೆವು. ಆ ಹೆಂಗಸು ಕತ್ತೆತ್ತಿ ಡೇರೆಯನ್ನು ನೋಡುತ್ತ ಕೊಂಕಣಿಯಲ್ಲಿ ಏನೋ ಕೇಳಿದಳು.

ಅತ್ತೆಗೆ ಏನು ತಿಳಿಯಿತೋ, ನನ್ನ ಭುಜದ ಮೇಲೆ ಕೈಯಿಟ್ಟು ಹೇಳಿದರು: "ನನ್ನ ಸೊಸಿ ಹೊಲದಾಳ! ನನ್ನ ಸೊಸಿ!"

ಅರ್ಧ ಹೊಲಿದವರು ಅವರು. ಅದರ ಮಾತೇ ಎತ್ತಲಿಲ್ಲ. "ನಾವಿಬ್ರೂ ಹೊಲದೇವಿ" ಎಂದು ನಾನು ಅವರ ಕೈಯನ್ನೂ ನನ್ನ ಕೈಯನ್ನೂ ಜೋಡಿಸಿ ತೋರಿಸಿದೆ. ಆ ಹೆಂಗಸು ನಕ್ಕು ನಮ್ಮಿಬ್ಬರ ಅಂಗೈಗಳ ಜಡ್ಡನ್ನು ಸವರಿ ನೋಡಿದಳು. ಆಮೇಲೆ ಎಷ್ಟೋ ಜನ ಎಷ್ಟೋ ಕಾರಣಕ್ಕೆ ನನ್ನನ್ನು ಹೊಗಳಿದ್ದಾರೆ. ಅಂದು ಆ ಡೇರೆಯೊಳಗೆ ನನ್ನೆದೆ ಉಬ್ಬಿದಂತೆ ಮತ್ತೆ ಉಬ್ಬಿಲ್ಲ.

ಮರುದಿನ ನಮ್ಮ ಮನೆಯವರು ರೈತನ ಮಾಡಿಗೆ ಹತ್ತಿ ಬೆಳಗಿನಿಂದ ಬೈಗಿನವರೆಗೆ ಹುಲ್ಲು ಹೊದಿಸಿದರು. ಕೆಳಗಿನಿಂದ ಅತ್ತೆ ಕಟ್ಟು ಎಸೆದರೆ ಮೇಲಿಂದ ಹಿಡಿದು, "ಇನ್ನೊಂದು ಒಗಿಯವ್ವ!" ಎಂದು ಕೂಗುವ ದನಿ ನಾನು ಮದುವೆಯಲ್ಲಿ ಕೇಳಿದ್ದ ದನಿ. ಇಳಿದು ಬಂದು ಹೊಟ್ಟೆ ತುಂಬ ಉಂಡು, ಕೈ ತೊಳೆದದ್ದೇ ಮಲಗಿಬಿಟ್ಟರು.

ಊರಿಗೆ ಬಂದ ಮೇಲೆ ಎಲ್ಲವೂ ಸರಿಹೋಯಿತೆಂದಲ್ಲ. ರಾತ್ರಿ ಪಾಳಿ ಮೊದಲಿನಂತೆಯೇ ಬಂತು. ಆದರೆ ಪಾಳಿ ಮುಗಿಸಿ ಬಂದವರು ಈಗ ಗೋಡೆ ನೋಡುತ್ತ ಕೂಡುತ್ತಿರಲಿಲ್ಲ. ಒರಗಿ ಕಣ್ಣು ಮುಚ್ಚುವುದು ಅವರಿಗೆ ಮತ್ತೆ ರೂಢಿಯಾಗಿತ್ತು. ಅದೂ ತಪ್ಪತೊಡಗಿದರೆ, "ಹೊಳಿ ಕಡೆ ಹೋಗೂಣು" ಎಂದು ಅವರೇ ಎನ್ನುತ್ತಿದ್ದರು.

ಮಳೆಗಾಲ ಮುಗಿಯುತ್ತಲೇ ಸುತ್ತಲಿನ ಮನೆಗಳ ಹೆಂಗಸರು ಹಳೆಯ ಕ್ಯಾನ್ವಾಸ್ ಹೊತ್ತು ನಮ್ಮ ಪಡಸಾಲೆಗೆ ಬರತೊಡಗಿದರು. ಅತ್ತೆ ನಡುವೆ ಕುಳಿತು ಅಂಚು ಮಡಚುವುದನ್ನು ಕಲಿಸಿದರು. ಯಾರಾದರೂ ಅವಸರ ಮಾಡಿದರೆ ಅಷ್ಟನ್ನೂ ಬಿಚ್ಚಿಸುತ್ತಿದ್ದರು. ಮುಂದಿನ ಬೇಸಿಗೆಯಲ್ಲಿ ಜೋಯಿಡಾ ದಾರಿಗೆ ಒಂದರ ಹಿಂದೆ ಒಂದು ಚಕ್ಕಡಿಗಳು ಹೊರಟವು. ಎಲ್ಲಕ್ಕಿಂತ ಮುಂದಿನ ಚಕ್ಕಡಿಯಲ್ಲಿ ಅತ್ತೆ ಕೂತಿದ್ದರು. ಎತ್ತುಗಳನ್ನು ಓಡಿಸಲು ಹೊರಟ ಗಾಡಿಯವನಿಗೆ, "ಸಾವಕಾಶ ನಡಿಯೋ ತಮ್ಮಾ. ನಮಗೇನೂ ಗಡಬಡಿ ಇಲ್ಲ" ಎಂದರು.