ಇನ್ನೊಬ್ಬರಿಗೆ ಜಾಗ
ಅಪಲಾಚಿಯನ್ ಬೆಟ್ಟದ ಕಾಲುದಾರಿಯಲ್ಲಿ ತಿಂಗಳುಗಟ್ಟಲೆ ನಡೆಯುವವರೆಲ್ಲ ಮುದುಕ ಓರ್ವಿಲ್ ಟ್ಯಾಕೆಟ್‌ಗೆ ಇಟ್ಟಿರುವ ಹೆಸರು ಡಬ್ಬಿಮೀನು. ನಾಲ್ಕು ಹನಿ ಮಳೆ ಬಿದ್ದರೆ ಸಾಕು, ಎಂಟು ಜನರ ಮರದ ತಂಗುದಾಣದಲ್ಲಿ ಗೊರಕೆಯವರನ್ನು ಗೋಡೆಗೆ ಒತ್ತಿ, ಇಲಿಗೆ ಹೆದರುವವರನ್ನು ನಡುವೆ ತುರುಕಿ, ಡಬ್ಬಿಯಲ್ಲಿ ಮೀನು ಅಡಕಿದಂತೆ ಒಬ್ಬರ ತಲೆಗೆ ಇನ್ನೊಬ್ಬರ ಕಾಲು ಜೋಡಿಸಿ ಹದಿನಾರು ಜನರನ್ನು ಮಲಗಿಸಿ, "ಬನ್ರಪ್ಪಾ, ಇನ್ನೂ ಒಬ್ರಿಗೆ ಜಾಗ ಇದೆ!" ಎಂದು ಕೂಗುತ್ತಾನೆ. "ತಾತ, ನಿಮ್ಮ ಕಾಲು ನನ್ನ ಮೂಗಿಗೇ ಬಂತಲ್ಲ!" ಎಂದು ಒಂದು ಮಳೆಯ ರಾತ್ರಿ ಹೊಸಬಳಾದ ಡೆಲ್ಫೀನ್ ಕಿರುಚಿದಳು. "ಎರಡು ಸಾವಿರ ಮೈಲಿ ನಡೆದ ಪಾದ ಕಣಮ್ಮ, ಮೂಸಿ ಪುಣ್ಯ ಕಟ್ಕೋ!" ಎಲ್ಲರೂ ಬಿದ್ದು ಬಿದ್ದು ನಕ್ಕರು. ಆ ಪಾದದಲ್ಲಿ ಎರಡೇ ಬೆರಳಿದ್ದವು. "ಉಳಿದ ಮೂರು ಎಲ್ಲಿ ತಾತ?" ಎಂದಳು. "ಒಂದ್ಸಲ ಇಂಥದ್ದೇ ಕಡೆ ಜಾಗ ಇಲ್ಲ ಅಂದ್ರು. ಹೊರಗೇ ಮಲಗಿದೆ, ಹಿಮ ತಿಂದ್ಹಾಕ್ತು." ಅಷ್ಟರಲ್ಲಿ ಹೊರಗೆ ಯಾರೋ ಕೆಮ್ಮಿದರು. ಮುದುಕ ಬಾಯಿ ತೆರೆಯುವ ಮೊದಲೇ ಡೆಲ್ಫೀನ್ ಅವನ ಪಾದಕ್ಕೆ ಮೂಗು ತಾಗುವಷ್ಟು ಸರಿದು, "ಬನ್ನಿ, ಬನ್ನಿ!" ಎಂದು ಕೂಗಿದಳು.